ಅಕ್ಕ ಆಡದ ಮಾತು

ನಮ್ಮ ಯಜಮಾನರಿಗೆ ಬಸ್ಸೆಂದರೆ ಪ್ರಾಣ. ಬಸ್ಸಿಗೆ ಮಾತ್ರ ಇವರು ಬೇಕಾಗಲಿಲ್ಲ. ಚಿಕ್ಕವರಿದ್ದಾಗ ಅಡುಗೆಮನೆಯ ದೊಡ್ಡ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಲ್ಲೇ ಎಂಜಿನ್ ಸದ್ದು ಮಾಡುತ್ತಾ ಮನೆ ತುಂಬ ಓಡುತ್ತಿದ್ದರಂತೆ. ಹಿಂದೆ ಇವರ ಅಕ್ಕ ನಿಂತು, ಇದು ನಡುಮನೆ, ಮುಂದಿನದು ಬಚ್ಚಲು ಎಂದು ನಿಲ್ದಾಣಗಳನ್ನು ಕೂಗುತ್ತಿದ್ದರಂತೆ. ಪ್ರಾಯಕ್ಕೆ ಬಂದ ಮೇಲೆ ಇವರು ಚಾಲಕನ ಕೆಲಸಕ್ಕೆ ಅರ್ಜಿ ಹಾಕಿದರು. ಗಾಡಿ ಓಡಿಸಿ ತೋರಿಸಿ ಸೈ ಎನಿಸಿಕೊಂಡರು. ಕೊನೆಗೆ ಕಣ್ಣಿನ ಡಾಕ್ಟರು ಬಣ್ಣಬಣ್ಣದ ಚುಕ್ಕೆಗಳ ಪುಸ್ತಕ ತೆಗೆದು, ಇದರೊಳಗೆ ಯಾವ ಅಂಕಿ ಇದೆ ಎಂದು ಕೇಳಿದರು. ಇವರಿಗೆ ಕಾಣಲಿಲ್ಲ. ಕಾಣಲಿಲ್ಲ ಎಂದು ಒಪ್ಪಿಕೊಳ್ಳುವ ಬದಲು, ಅಲ್ಲಿ ಅಂಕಿಯೇ ಇಲ್ಲ ಎಂದು ಡಾಕ್ಟರ ಜೊತೆ ಜಗಳ ಕಾಯ್ದು ಬಂದರು. ಕೆಂಪು, ಹಸಿರು ಎರಡೂ ಇವರ ಕಣ್ಣಿಗೆ ಒಂದೇ ಕೆಸರು. ಮದುವೆಯಾದ ಹೊಸದರಲ್ಲಿ ಹಸಿರು ಶಾಲು ಎಂದು ನನಗೆ ಕಡುಗೆಂಪಿನದನ್ನು ತಂದುಕೊಟ್ಟರು. ಹಸಿರು ಚೆನ್ನಾಗಿದೆ ಎಂದು ನಾನೂ ಹೊದ್ದುಕೊಂಡೆ.

ಚಾಲಕನ ಸೀಟು ತಪ್ಪಿ ಡಿಪೋದ ಟೈರು ವಿಭಾಗ ಸಿಕ್ಕಿತು. ಅಲ್ಲಿ ಇವರ ಹೆಸರು ಟೈರಣ್ಣ. ಡಿಪೋದಲ್ಲಿ ಒಂದು ಕಟ್ಟುನಿಟ್ಟು ಇದೆ: ಚಕ್ರದ ನಟ್ಟು ಬಿಗಿದವನೇ ಸರಿಯಾಗಿದೆ ಎನ್ನುವಂತಿಲ್ಲ. ಇನ್ನೊಬ್ಬ ಬಂದು ಒಂದೊಂದು ನಟ್ಟಿಗೂ ಸ್ಪ್ಯಾನರು ಹಾಕಿ ಎಳೆದು ನೋಡಿ, ಟೈರಿನ ಮೇಲೆ ಸೀಮೆಸುಣ್ಣದ ಗೀಟು ಹಾಕಬೇಕು. ಇದಕ್ಕೆ ಅವರು ‘ಎರಡನೇ ಕೈ’ ಎನ್ನುತ್ತಾರೆ. ಎರಡನೇ ಕೈ ಬೀಳದ ಬಸ್ಸನ್ನು ಗೇಟು ದಾಟಿಸಿದವನನ್ನು ಇವರು ಮನುಷ್ಯನೆಂದೇ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಊಟಕ್ಕೆ ಕೂತರೂ ಅದೇ ಮಾತು. ಬೇರೆ ಹೆಂಗಸರು ಗಂಡನ ಬಾಯಲ್ಲಿ ಬೆಲೆಯೇರಿಕೆಯ ಸುದ್ದಿ ಕೇಳುತ್ತಾರೆ, ನಾನು ನಟ್ಟು ಬೋಲ್ಟಿನ ನೀತಿಪಾಠ ಕೇಳಿದೆ.

ಕಂಪ್ಯೂಟರಿನ ಬಸ್ಸಾಟ ಇವರ ಬಾಳಿಗೆ ಬಂದದ್ದು ತಲೆ ಅರ್ಧ ನರೆತ ಮೇಲೆ. ಡಿಪೋದಲ್ಲಿ ಯಾರೋ ತೋರಿಸಿದರು. ಪರದೆಯ ಮೇಲೆ ಒಂದು ಊರು, ಅದರ ತುಂಬ ರಸ್ತೆ. ಎಲ್ಲೆಲ್ಲಿಯದೋ ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಒಂದೇ ಊರಿನಲ್ಲಿ ಬಸ್ಸು ಓಡಿಸುವುದು. ಇವರು ಹಳೆಯ ಕಂಪ್ಯೂಟರು ತಂದರು, ಮೇಜಿಗೆ ಸ್ಟೀರಿಂಗ್ ಬಿಗಿದರು, ಮೊದಲ ಸಿಗ್ನಲ್ಲಿನಲ್ಲೇ ಮುಂದಿನ ಲಾರಿಗೆ ಗುದ್ದಿದರು. ಆ ಊರಿನ ಸಿಗ್ನಲ್ಲಿಗೆ ಒಂದೇ ದೀಪ. ಬಣ್ಣ ಮಾತ್ರ ಬದಲಾಗುತ್ತಿತ್ತು. ಅಲ್ಲೂ ಅದೇ ಕೆಸರು.

ಆದರೆ ಆ ಆಟದಲ್ಲಿ ಒಂದು ಅನುಕೂಲವಿತ್ತು. ಆಟ ಬಂದ ಹಾಗೆಯೇ ಆಡಬೇಕೆಂದಿಲ್ಲ, ಗೊತ್ತಿದ್ದವರು ಒಳಗೆ ಕೈಹಾಕಿ ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಹಾಗೆ ತಿದ್ದಿದ್ದಕ್ಕೆ ‘ಮಾಡ್’ ಎನ್ನುತ್ತಾರೆ. ನನಗೆ ಇದು ತಕ್ಷಣ ಅರ್ಥವಾಯಿತು, ಏಕೆಂದರೆ ನನ್ನ ಕಸುಬೂ ಅದೇ. ನಾನು ಹೊಸ ಬಟ್ಟೆ ಹೊಲಿಯುವವಳಲ್ಲ. ಅಂಗಡಿಯಲ್ಲಿ ಕೊಂಡ ಸಿದ್ಧ ಉಡುಪನ್ನು ಮೈಗೆ ತಕ್ಕ ಹಾಗೆ ಬಿಚ್ಚಿ, ಹಿಡಿದು, ಬಿಟ್ಟು ಕೊಡುವವಳು. ಕೊಂಡ ಅಂಗಿ ಕೊಂಡವನದು. ತೋಳು ಗಿಡ್ಡ ಮಾಡಬೇಡ ಎಂದು ಹೇಳಲು ಬಟ್ಟೆ ಗಿರಣಿಯವನು ಯಾರು? ಇವರು ವರ್ಷಗಟ್ಟಲೆ ಕೂತು ಕಲಿತು, ಕೆಂಪು ದೀಪಕ್ಕೆ ಚೌಕ, ಹಸಿರಿಗೆ ದುಂಡು ಆಕಾರ ಬರುವ ಹಾಗೆ ಸಿಗ್ನಲ್ಲನ್ನು ತಿದ್ದಿದರು. ಆವತ್ತು ಸಂಜೆ ಒಂದು ಸಿಗ್ನಲ್ಲಿಗೂ ತಪ್ಪದೆ ಊರ ಆ ತುದಿಯಿಂದ ಈ ತುದಿಗೆ ಬಸ್ಸು ತಂದು ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಹಾಗೇ ಕೂತಿದ್ದರು. ನಾನು ಏನೂ ಕೇಳಲಿಲ್ಲ. ಕೇಳಿದ್ದರೆ ಕಣ್ಣಿಗೆ ಧೂಳು ಬಿತ್ತೆನ್ನುತ್ತಿದ್ದರು.

ಆಮೇಲೆ ಅದೊಂದು ಬಳಗವೇ ಆಯಿತು. ಒಬ್ಬಳು ಸೇತುವೆ ಬರೆದಳು, ಒಬ್ಬ ಮಳೆ ಸುರಿಸಿದ. ದೂರದ ಊರಿನ ಒಬ್ಬ ಪುಣ್ಯಾತ್ಮ ಗುಜರಿ ಅಂಗಡಿಗಳನ್ನೆಲ್ಲ ಅಲೆದು ಹಳೇ ಬಸ್ಸುಗಳ ಹಾರ್ನ್ ಒತ್ತಿಸಿ ರೆಕಾರ್ಡು ಮಾಡಿಕೊಂಡು ಬಂದು ಹಾಕಿದ. ಅವನ ಹೆಸರೇ ಹಾರ್ನ್ ಎಂದಾಯಿತು. ಬಳಗದ ಬಸ್ಸುಗಳು ಓಡುತ್ತಿದ್ದ ಊರು ಇದ್ದದ್ದೂ ಹಾರ್ನ್ ಮನೆಯ ಮಂಚದ ಕೆಳಗಿನ ಒಂದು ಕಂಪ್ಯೂಟರಿನಲ್ಲಿ. ಎಲ್ಲವನ್ನೂ ಹೊಂದಿಸಿ ಒಂದು ಗಂಟು ಮಾಡಿ ಇಡುವ ಕೆಲಸ ನಮ್ಮವರ ಪಾಲಿಗೆ ಬಂತು. ಅವರೊಳಗೆ ಒಂದೇ ಕಟ್ಟಳೆ: ಯಾರದ್ದು ತೆಗೆದುಕೊಂಡರೂ ಕೇಳಿ ತೆಗೆದುಕೊ, ಯಾರದ್ದೆಂದು ಹೇಳಿ ಹಾಕು. ಕೇಳದೆ ಹಾರ್ನ್ ಎತ್ತಿಕೊಂಡ ಒಬ್ಬನನ್ನು ಇವರು ಮೈಕಿನಲ್ಲಿ ಹಿಗ್ಗಾಮುಗ್ಗಾ ಬೈದದ್ದನ್ನು ನಾನೇ ಕೇಳಿದ್ದೇನೆ. ಅಲ್ಲಿಂದ ಬಳಗದಲ್ಲಿ ಇವರು ಮೇಷ್ಟ್ರು.

ಈಗ ಅಕ್ಕನ ವಿಷಯ. ಇವರ ಅಕ್ಕ, ಎಂದರೆ ನನ್ನ ನಾದಿನಿ, ನಮ್ಮ ಜೊತೆಯಲ್ಲೇ ಇರುವವರು. ನಾನೂ ಅಕ್ಕ ಎಂದೇ ಕರೆಯುವುದು. ಆಕೆ ರೈಲು ನಿಲ್ದಾಣದಲ್ಲಿ ಗಾಡಿಗಳ ಘೋಷಣೆ ಮಾಡುತ್ತಿದ್ದರು. ಅವರ ದನಿ ಕೇಳಿದರೆ ಗಾಡಿ ತಡವಾದ ಸಿಟ್ಟೂ ಇಳಿಯುತ್ತದೆ ಎಂದು ಜನ ಹೇಳುತ್ತಿದ್ದರಂತೆ. ಪ್ರತಿ ಘೋಷಣೆಯ ಕೊನೆಗೆ ‘ನಿಧಾನ’ ಎಂದು ಒಂದು ಮಾತು ಸೇರಿಸುವುದು ಅವರ ರೂಢಿ. ಮೇಲಿನವರು ಬೇಡವೆಂದರೂ ಬಿಡಲಿಲ್ಲ. ಒಮ್ಮೆ ಆಫೀಸಿನವರು ಅವರನ್ನು ಕೋಣೆಯಲ್ಲಿ ಕೂರಿಸಿ, ಅಂಕಿಗಳನ್ನೂ ಊರ ಹೆಸರುಗಳನ್ನೂ ಬಿಡಿಬಿಡಿಯಾಗಿ ಓದಿಸಿಕೊಂಡರು, ನೀವು ರಜೆ ಹಾಕಿದಾಗ ಬೇಕಾಗುತ್ತದೆ ಎಂದರು. ಆಮೇಲೆ ಅಕ್ಕನಿಗೆ ರಜೆಯೇ ರಜೆ. ಯಂತ್ರ ಆ ಚೂರುಗಳನ್ನು ಪೋಣಿಸಿ ತಾನೇ ಕೂಗತೊಡಗಿತು, ಅಕ್ಕನನ್ನು ವಿಚಾರಣೆಯ ಕಿಟಕಿಗೆ ಹಾಕಿದರು. ಒಂದು ದಿನ ಯಂತ್ರ ತಪ್ಪು ಪ್ಲಾಟ್‌ಫಾರ್ಮು ಕೂಗಿತು. ಗಂಟುಮೂಟೆ ಹೊತ್ತು ಆ ಕಡೆ ಓಡಿ ಗಾಡಿ ತಪ್ಪಿಸಿಕೊಂಡ ಒಬ್ಬ ಮುದುಕ, ಆಸ್ಪತ್ರೆಯಲ್ಲಿದ್ದ ಮಗಳ ಬಳಿಗೆ ಹೊರಟವನು, ಕಿಟಕಿಗೆ ಬಂದು ಅಕ್ಕನ ದನಿ ಗುರುತು ಹಿಡಿದು, ನೀನೇ ಅಲ್ವಾ ಹೇಳಿದ್ದು ಎಂದು ಅತ್ತನಂತೆ. ನಾನಲ್ಲ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ. ದನಿ ಅವರದೇ ಆಗಿತ್ತಲ್ಲ. ಅವಧಿಗೆ ಮೊದಲೇ ಕೆಲಸ ಬಿಟ್ಟು ಮನೆಗೆ ಬಂದರು.

ಮನೆಯಲ್ಲಿ ಮಾತ್ರ ಘೋಷಣೆ ನಿಲ್ಲಲಿಲ್ಲ. “ಊಟ ಅಡುಗೆಮನೆಗೆ ಬಂದು ತಲುಪಿದೆ, ಹಸಿದವರು ಕೈ ತೊಳೆದು ಬರಬೇಕು, ನಿಧಾನ” ಎಂದು ಅಕ್ಕ ಕೂಗಿದರೆ ಪಕ್ಕದ ಮನೆಯವರೂ ಕೈ ತೊಳೆಯುತ್ತಿದ್ದರು. ಬಾರದೇ ಇದ್ದವರು ಇವರೊಬ್ಬರೇ. ಬಸ್ಸು ನಡುದಾರಿಯಲ್ಲಿದೆ ಎನ್ನುತ್ತಿದ್ದರು. ಮೂರನೆಯ ಘೋಷಣೆಗೂ ಏಳದಿದ್ದರೆ ನಾನು ಹೋಗಿ ವೈರು ಕೀಳುತ್ತೇನೆಂದು ಹೆದರಿಸಬೇಕಾಗುತ್ತಿತ್ತು.

ಬಸ್ಸಿನ ನಿಲ್ದಾಣಗಳನ್ನು ಅಕ್ಕನಿಂದ ಕೂಗಿಸಬೇಕೆಂದು ಇವರಿಗೆ ಹೊಳೆದದ್ದು ಹೀಗೆ ಒಂದು ಊಟದ ಹೊತ್ತಿನಲ್ಲೇ. ಅಕ್ಕ ಒಪ್ಪಲಿಲ್ಲ. ಇವರು ಗೋಗರೆದರು, ತಟ್ಟೆಯ ಬಸ್ಸನ್ನು ನೆನಪಿಸಿದರು. ಆಕೆ ಯೋಚಿಸಿ ಒಂದು ಷರತ್ತು ಹಾಕಿದರು.

“ಪೂರ್ತಿ ಸಾಲು ನಾನೇ ಹೇಳ್ತೀನಿ. ಚೂರು ಮಾಡಿ ಅಂಟಿಸ್ಬಾರ್ದು. ನಾನು ಆಡದ ಮಾತು ನನ್ನ ದನೀಲಿ ಬರ್ಬಾರ್ದು ಕಣೋ, ಯಾವತ್ತೂ. ಅಷ್ಟೇ ನಾನು ಕೇಳೋದು.”

ಇವರು ತಲೆ ಮುಟ್ಟಿಕೊಂಡು ಹೂಂ ಎಂದರು.

ನನ್ನ ಬಟ್ಟೆಯ ಗಂಟುಗಳನ್ನೆಲ್ಲ ಕೋಣೆಯ ಸುತ್ತ ನೇತುಹಾಕಿ, ಕಿಟಕಿಗೆ ರಜಾಯಿ ಕಟ್ಟಿ, ಅಕ್ಕನನ್ನು ಬೀರುವಿನ ಮುಂದೆ ಕೂರಿಸಿ ರೆಕಾರ್ಡು ಮಾಡಿದೆವು. ಆಕೆ ಸೆಖೆಯಲ್ಲಿ ಬೆವರುತ್ತಾ, ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಊರಿನ ಒಂದೊಂದು ನಿಲ್ದಾಣವನ್ನೂ ಇದ್ದ ಊರಿನ ಹಾಗೆ ಹೇಳಿದರು. “ಮುಂದಿನ ನಿಲ್ದಾಣ ಹಳೇ ಗಿರಣಿ. ಇಳಿಯುವವರು ಬಾಗಿಲ ಬಳಿ ಬನ್ನಿ. ನಿಧಾನ.” ಬಳಗದವರು ಮರುಳಾಗಿಬಿಟ್ಟರು. ಇಳಿಯುವ ಕೆಲಸವಿಲ್ಲದಿದ್ದರೂ ಅಕ್ಕನ ‘ನಿಧಾನ’ ಕೇಳಲು ಬಸ್ಸು ನಿಲ್ಲಿಸುತ್ತಿದ್ದರಂತೆ. ಸಂಜೆ ಇವರು ಬಸ್ಸು ಓಡಿಸುವಾಗ ಸ್ಪೀಕರು ಜೋರಾಗಿಯೇ ಇರುತ್ತಿತ್ತು. ನಡುಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತ ಅಕ್ಕ, ಒಳಗಿನಿಂದ ತಮ್ಮದೇ ದನಿ ಬಂದಾಗಲೆಲ್ಲ ಸುಲಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು, ತಪ್ಪಿಲ್ಲದಿದ್ದರೆ ತಲೆಯಾಡಿಸುತ್ತಿದ್ದರು. ತಪ್ಪು ಇರುವುದು ಸಾಧ್ಯವೇ ಇರಲಿಲ್ಲ, ಆದರೂ ಪ್ರತಿ ಸಲ ಪರೀಕ್ಷೆ. ನಮ್ಮ ಮನೆಯಲ್ಲಿ ಸುಖವೆಂಬುದು ಏನಾದರೂ ಇದ್ದರೆ ಅದು ಆಗ ಇತ್ತು.

ಹೀಗಿರುವಾಗ ಆಟ ಮಾಡಿದ ಚಿಕ್ಕ ಕಂಪನಿಯನ್ನು ಒಂದು ದೊಡ್ಡ ಕಂಪನಿ ನುಂಗಿತು. ನುಂಗಿದ ಮೇಲೆ ಸುಮ್ಮನಿರುತ್ತದೆಯೇ? ಇನ್ನು ಮುಂದೆ ಯಾರೂ ತಮ್ಮ ಮಂಚದ ಕೆಳಗೆ ಊರು ಇಟ್ಟುಕೊಳ್ಳುವಂತಿಲ್ಲ, ಎಲ್ಲರೂ ಕಂಪನಿಯ ಹೆಬ್ಬಾಗಿಲಿನಿಂದಲೇ ಒಳಗೆ ಬರಬೇಕು ಎಂದು ಸಾರಿದರು. ಮಾಡ್‌ಗಳೂ ಅಷ್ಟೇ, ಕಂಪನಿಯ ಅಂಗಡಿಗೆ ಒಪ್ಪಿಸಿ ಮುದ್ರೆ ಹಾಕಿಸಿಕೊಂಡವು ಉಳಿಯುತ್ತವೆ, ಉಳಿದವು ತಾವಾಗಿಯೇ ಕೆಟ್ಟುಹೋಗುತ್ತವೆ. ಕೊಂಡ ಅಂಗಿಯ ಗುಂಡಿ ಬದಲಿಸಲು ಗಿರಣಿಯವನ ಅಪ್ಪಣೆ ಎಂದ ಹಾಗಾಯಿತು. ಬಳಗದವರು ಒಪ್ಪಿಸುವುದೇ ಬೇಡ ಎಂದರು. ಹಾರ್ನ್ ಅಂತೂ, ಆಟ ಬಿಟ್ಟರೂ ಸರಿ, ಹಾರ್ನ್ ಕೊಡಲ್ಲ ಎಂದ. ನಮ್ಮವರು ಬಾಯಲ್ಲಿ ಹೌದೌದು ಎಂದರು. ಆದರೆ ಮಾಡ್ ಹೋದರೆ ಇವರ ಚೌಕವೂ ದುಂಡೂ ಹೋಗುತ್ತವೆ, ಮತ್ತೆ ಸಿಗ್ನಲ್ಲೆಲ್ಲ ಕೆಸರು. ಇವರಿಗೆ ಬದುಕಿನಲ್ಲಿ ಎರಡನೆಯ ಸಲ ಸೀಟಿನಿಂದ ಇಳಿಯುವುದು ಬೇಕಿರಲಿಲ್ಲ. ನನಗೆ ಅದು ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಹೊಟ್ಟೆಯುರಿ ಕಡಿಮೆಯಾಗುವುದಿಲ್ಲ.

ಒಂದು ರಜೆಯ ಬೆಳಿಗ್ಗೆ ಇವರು ಗಂಟನ್ನು ಒಪ್ಪಿಸಲು ಕೂತರು. ನಾನು ಪಕ್ಕದಲ್ಲೇ ಯಾರದೋ ಪ್ಯಾಂಟಿನ ಅಂಚು ಬಿಚ್ಚುತ್ತಿದ್ದೆ. ಪರದೆಯ ಮೇಲೆ ಬಂದದ್ದನ್ನು ಇವರು ಗಟ್ಟಿಯಾಗಿ ಓದಿದರು: ಇದರಲ್ಲಿ ಇರುವುದೆಲ್ಲವೂ ನನ್ನ ಸ್ವಂತದ್ದು, ಕಂಪನಿ ಇದನ್ನು ತನಗೆ ಬೇಕಾದ ಹಾಗೆ ಬಳಸಿಕೊಳ್ಳಬಹುದು. ಪಕ್ಕದಲ್ಲಿ ಒಂದು ಖಾಲಿ ಚೌಕ, ಟಿಕ್ಕು ಹಾಕಲು. ಹಲವರದ್ದು ಸೇರಿದೆ ಎಂದು ಹೇಳಲು ಅಲ್ಲಿ ಜಾಗವೇ ಇರಲಿಲ್ಲ.

“ಅಕ್ಕನ್ನ ಒಂದು ಮಾತು ಕೇಳಿ” ಎಂದೆ.

“ಕೇಳಿದ್ರೆ ಬೇಡ ಅಂತಾಳೆ. ಮೊದ್ಲು ಉಳ್ಸೋಣ, ಆಮೇಲೆ ಹೇಳಿದ್ರಾಯ್ತು. ಬರೀ ಒಂದು ಟಿಕ್ಕು ತಾನೇ.”

ಅಕ್ಕ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಕೂಗಿದರೆ ಕೇಳುವಷ್ಟು ಹತ್ತಿರ. ಎರಡನೇ ಕೈ ಇಲ್ಲದೆ ಒಂದು ನಟ್ಟನ್ನೂ ನಂಬದ ಮನುಷ್ಯ, ಆವತ್ತು ಯಾರ ಕೈಯನ್ನೂ ಕರೆಯದೆ ತಾನೇ ಬಿಗಿದು ತಾನೇ ಗೀಟು ಹಾಕಿದರು. ನಾನೂ ಪ್ಯಾಂಟಿನ ಅಂಚಿಗೆ ಮರಳಿದೆ.

ಕಂಪನಿಯಿಂದ ಇವರ ಹೆಸರಿನ ಪಕ್ಕಕ್ಕೆ ‘ಅಧಿಕೃತ ಕರ್ತೃ’ ಎಂಬ ಬಿಲ್ಲೆ ಬಂತು. ಅದರ ಬಣ್ಣ ಯಾವುದೆಂದು ನನ್ನನ್ನು ಕೇಳಿದರು, ಬಂಗಾರದ್ದೆಂದು ಹೇಳಿದೆ. ಡಿಪೋದಲ್ಲೆಲ್ಲ ತೋರಿಸಿಕೊಂಡು ಬಂದರು. ನಾನೇನು ಕಡಿಮೆಯೇ, ಬಟ್ಟೆ ತರುವವರಿಗೆಲ್ಲ ಹೇಳಿದೆ. ಬಳಗದವರಿಗೆ ಮಾತ್ರ, ಎಲ್ಲರ ಪರವಾಗಿ ಹಾಕಿದ್ದೇನೆ, ಹೆಸರು ಆಮೇಲೆ ಸೇರಿಸುತ್ತಾರೆ ಎಂದು ಏನೋ ಹಾರಿಕೆಯ ಉತ್ತರ ಕೊಟ್ಟರು. ಅಕ್ಕನಿಗೆ ‘ಆಮೇಲೆ’ ಹೇಳಬೇಕಾದದ್ದು ಆಮೇಲೆಯೇ ಉಳಿಯಿತು.

ಸ್ವಲ್ಪ ದಿನ ಕಳೆದ ಮೇಲೆ ಇವರು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಆಡತೊಡಗಿದರು. ಅಕ್ಕ ಬಟಾಣಿ ಹಿಡಿದು ಕೂತರೂ ಒಳಗಿನಿಂದ ದನಿಯಿಲ್ಲ. ಯಾಕೋ ಎಂದು ಕೇಳಿದರೆ, ಅಕ್ಕಪಕ್ಕದವರಿಗೆ ತೊಂದರೆ ಎಂದರು. ಅಕ್ಕಪಕ್ಕದವರ ಚಿಂತೆ ಇವರಿಗೆ ಹುಟ್ಟಿದ್ದು ಯಾವಾಗ? ಫೋನು ಬಂದರೆ ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುವುದು, ಒಳಗೆ ಬಂದಾಗ ಮುಖ ಇಂಗು ತಿಂದ ಮಂಗನ ಹಾಗೆ. ಈ ವಯಸ್ಸಿನಲ್ಲಿ ಇವರನ್ನು ಯಾವ ಮಹಾತಾಯಿ ಮೆಚ್ಚಿದಳಪ್ಪ ಎಂದು ನಾನು ಒಂದೆರಡು ಸಲ ಬಾಲ್ಕನಿಯ ಬಾಗಿಲಿಗೆ ಕಿವಿಯಿಟ್ಟದ್ದೂ ಉಂಟು. ಕೇಳಿಸಿದ್ದು ಬರೀ ‘ಹೂಂ’, ‘ತಪ್ಪಾಯ್ತು’, ‘ಬರೆದಿದ್ದೀನಿ ಅವರಿಗೆ’.

ಒಂದು ಸಂಜೆ ನಾನು ಕೋಣೆ ಗುಡಿಸುತ್ತಿದ್ದೆ. ಇವರು ಹೆಡ್‌ಫೋನು ಹಾಕಿಕೊಂಡು ಬಸ್ಸಿನಲ್ಲಿದ್ದರು. ಪೊರಕೆ ವೈರಿಗೆ ಸಿಕ್ಕಿತು. ನಾನು ಎಳೆದೆ, ಪಿನ್ನು ಕಿತ್ತು ಬಂತು, ಸ್ಪೀಕರಿನಿಂದ ಅಕ್ಕನ ದನಿ ಮನೆ ತುಂಬಿತು.

“ಹೊಸ ಬಣ್ಣದ ಬಸ್ಸುಗಳು ಬಂದಿವೆ. ಇಂದೇ ಕೊನೆಯ ದಿನ. ಬೇಗ ಬನ್ನಿ, ಬೇಗ ಕೊಳ್ಳಿ.”

ಇವರು ವೈರು ಹಿಡಿಯಲು ತಡಕಾಡಿದರು. ಪಿನ್ನು ನನ್ನ ಪೊರಕೆಯಲ್ಲೇ ಇತ್ತು. ಅಕ್ಕ ಬಂದು ಬಾಗಿಲಲ್ಲಿ ನಿಂತರು, ಮಡಿಲಲ್ಲಿದ್ದ ಬಟಾಣಿ ಹಾಗೆಯೇ ಹಿಡಿದುಕೊಂಡು.

“ಇನ್ನೊಂದ್ಸಲ ಹಾಕು” ಎಂದರು.

ಇವರು ಹಾಕಲಿಲ್ಲ. ಹಾಕುವ ಅಗತ್ಯವೂ ಬರಲಿಲ್ಲ. ಮುದ್ರೆಯಿಲ್ಲದ ಮಾಡ್ ಇಟ್ಟುಕೊಂಡ ಯಾರೋ ಅದೇ ಹೊತ್ತಿಗೆ ಸಿಕ್ಕಿಬಿದ್ದಿರಬೇಕು, ಊರಿನವರಿಗೆಲ್ಲ ಕೇಳುವ ಹಾಗೆ ದನಿ ಸಾರಿತು: “ಈ ಚಾಲಕರ ಪ್ರವೇಶ ರದ್ದಾಗಿದೆ. ಕೂಡಲೇ ಬಸ್ಸಿನಿಂದ ಇಳಿಯಿರಿ. ಬೇಗ.”

ಅಕ್ಕ ಪರದೆಯ ಹತ್ತಿರ ಬಂದರು.

“ಇದು ನಾನು ಹೇಳಿದ್ದಲ್ಲ.”

“ಅಲ್ಲ ಅಕ್ಕ. ಕಂಪನಿ ಯಂತ್ರ ಅದು. ನಿನ್ನ ದನಿ ಕಲ್ತ್ಕೊಂಡು ಅದೇ ಹೇಳತ್ತೆ.”

“ನನ್ನ ದನಿ ಅದಕ್ಕೆ ಯಾರು ಕೊಟ್ರು?”

ಇವರು ಸ್ಟೀರಿಂಗ್ ನೋಡುತ್ತಾ ಕೂತರು. “ನಾನೇ.”

“ಏನಂತ ಕೊಟ್ಟೆ?”

“ನಂದು ಅಂತ.”

ಅಕ್ಕ ತಿರುಗಿ ನಡೆದರು. ಅಡುಗೆಮನೆಗೆ ಹೋಗಿ ಬಟಾಣಿಯನ್ನು ಪಾತ್ರೆಗೆ ಸುರಿದ ಸದ್ದು ಕೇಳಿಸಿತು. ನೆಲ ಬಾಯಿಬಿಟ್ಟರೆ ಇಳಿದುಬಿಡೋಣ ಎನ್ನಿಸಿದ್ದು ಇವರಿಗೆ ಮಾತ್ರವಲ್ಲ. ಅಕ್ಕನ್ನ ಕೇಳಿ ಎಂದು ನಾನು ಒಂದು ಸಲ ಹೇಳಿದ್ದೆ. ಎರಡನೆಯ ಸಲ ಹೇಳಿರಲಿಲ್ಲ.

ಆಮೇಲೆ ಇವರು ಎಲ್ಲವನ್ನೂ ನನಗೆ ಹೇಳಿದರು. ಫೋನು ಮಾಡುತ್ತಿದ್ದದ್ದು ಯಾವ ಮಹಾತಾಯಿಯೂ ಅಲ್ಲ, ಹಾರ್ನ್. ಆಟ ಬಿಟ್ಟಿರಲಾರದೆ ಅವನು ಬೇರೊಂದು ಬಸ್ಸು ಕಟ್ಟಿ ತನ್ನ ಹಾರ್ನ್ ಹಾಕಲು ಹೋದರೆ, ಈ ಸದ್ದು ಬೇರೊಬ್ಬ ಅಧಿಕೃತ ಕರ್ತೃವಿನದು, ನೀನು ಕದ್ದಿದ್ದೀಯೆ ಎಂದು ಕಂಪನಿಯ ಹೆಬ್ಬಾಗಿಲು ಅವನನ್ನೇ ಆಚೆ ತಳ್ಳಿತಂತೆ. ಗುಜರಿ ಅಂಗಡಿಯ ಧೂಳು ಕುಡಿದವನು ಅವನು, ಕಳ್ಳನೂ ಅವನೇ. ಅವನ ಬಸ್ಸು ರದ್ದಾದಾಗ ಸಾರಿದ ದನಿಯೂ ಅದೇ. “ಅಕ್ಕನ ಬಾಯಲ್ಲೇ ನನ್ನ ಆಚೆ ಹಾಕಿಸಿದ್ರಲ್ಲ ಮೇಷ್ಟ್ರೇ” ಎಂದನಂತೆ. ಬಳಗದ ಮೇಷ್ಟ್ರು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ನಾನು ಮುಖಕ್ಕೆ ಹೊಡೆದ ಹಾಗೆ ಅಂದೆ. ಇವರು ಎದುರು ಮಾತಾಡಲಿಲ್ಲ. ಮಾತಾಡಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಅಕ್ಕ ಮಾತು ಬಿಟ್ಟರು. ಸಿಟ್ಟಿಗೆ ಮುಖ ತಿರುಗಿಸಿಕೊಂಡು ಬಿಟ್ಟದ್ದಲ್ಲ, ಎಂದಿನ ಹಾಗೆಯೇ ಬಡಿಸುವುದು, ಬಟ್ಟೆ ಮಡಚುವುದು, ನಾನು ಹೇಳಿದ್ದಕ್ಕೆ ನಗುವುದು. ಆದರೆ ಇವರ ಮೊಬೈಲು ಇರುವ ಕೋಣೆಯಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಇವರು ಏನಾದರೂ ಕೇಳಿದರೆ ಅಂಗಿಯ ಜೇಬಿನ ಕಡೆ ಬೆರಳು ತೋರಿಸಿ ತುಟಿಯ ಮೇಲೆ ಬೆರಳಿಡುತ್ತಿದ್ದರು. ನನ್ನ ಜೊತೆ ಮಾತಾಡುವುದಾದರೆ ನನ್ನ ಫೋನನ್ನೂ ಆಚೆ ಇಟ್ಟು ಬರಬೇಕು, ಅದೂ ಪಿಸುಮಾತು. ಊಟದ ಘೋಷಣೆ ನಿಂತಿತು. ಅಕ್ಕ ಅಡುಗೆಮನೆಯ ಆ ಹಳೇ ದೊಡ್ಡ ತಟ್ಟೆಯನ್ನು ಕೈಯಲ್ಲಿ ಹಿಡಿದು ಚಮಚದಿಂದ ಒಂದು ಸಲ ತಟ್ಟುತ್ತಿದ್ದರು. ಪಕ್ಕದ ಮನೆಯವಳು, ಯಾಕೆ ನಿಮ್ಮಕ್ಕನ ಗಂಟಲು ಕಟ್ಟಿದೆಯಾ ಎಂದು ಕೇಳಿದಳು. ಹೌದೆಂದೆ.

ಈಗ ಅಕ್ಕನ ದನಿಗಾಗಿಯೂ ಇವರು ಕಂಪನಿಗೆ ಬರೆದರು. ನಿಮ್ಮ ವಿಷಯ ನಮಗೆ ಬಹಳ ಮುಖ್ಯ ಎಂದು ತಕ್ಷಣ ಉತ್ತರ ಬಂತು, ಆಮೇಲೆ ಏನೂ ಬರಲಿಲ್ಲ. ಮತ್ತೆ ಬರೆದರು, ಮತ್ತೆ ಅದೇ ಮುಖ್ಯ. ಗೋಡೆಗೆ ಗೋಗರೆದ ಹಾಗೆ. ಕೊನೆಗೆ ಕಂಪನಿಯ ನಿಯಮಗಳ ರಾಶಿಯಲ್ಲಿ ಒಂದು ದಾರಿ ಸಿಕ್ಕಿತು: ಒಪ್ಪಿಸಿದವನು ತಾನು ಸುಳ್ಳು ಹೇಳಿದ್ದಾಗಿ ತಾನೇ ಒಪ್ಪಿಕೊಂಡರೆ, ತಕರಾರಿನ ವಸ್ತುಗಳನ್ನು ತೆಗೆದುಹಾಕುತ್ತಾರೆ. ಆದರೆ ಒಪ್ಪಿಕೊಂಡವನು ಮತ್ತೆಂದೂ ಆ ಊರಿಗೆ ಕಾಲಿಡುವಂತಿಲ್ಲ. ಅವನ ಮಾಡೂ ಅವನ ಜೊತೆಯೇ ಹೋಗುತ್ತದೆ. ಅವನ ಹೆಸರನ್ನು, ಇತರರ ಕೆಲಸವನ್ನು ತನ್ನದೆಂದವನು ಎಂದು ಎಲ್ಲರಿಗೂ ಕಾಣುವಲ್ಲಿ ಹಾಕುತ್ತಾರೆ. ಇವರು ಎರಡು ದಿನ ಸುಮ್ಮನೆ ಓಡಾಡಿದರು. ಮೂರನೆಯ ದಿನ ಡಿಪೋದಿಂದ ಬಂದವರೇ ಕೈ ಕೂಡ ತೊಳೆಯದೆ ಕೂತರು. ಒತ್ತುವ ಮೊದಲು ನನ್ನ ಕಡೆ ತಿರುಗಿದರು.

“ಒಂದ್ಸಲ ಓದಿ ನೋಡು, ಸರಿಯಾಗಿದ್ಯಾ ಅಂತ.”

ಎರಡನೇ ಕೈ ಈಗ ನೆನಪಾಗಿತ್ತು. ನಾನು ಓದಿದೆ. ‘ಇದು ನನ್ನದಲ್ಲ’ ಎಂದಷ್ಟೇ ಇತ್ತು, ಒಬ್ಬೊಬ್ಬರ ಹೆಸರು ಹಿಡಿದು. ಅಕ್ಕನ ಹೆಸರು ಮೊದಲು. ಸರಿಯಾಗಿದೆ ಎಂದೆ. ಒತ್ತಿದರು. ಪರದೆಯ ಮೇಲಿನ ಊರು ಹೋಯಿತು. ಸ್ಟೀರಿಂಗ್ ಬಿಚ್ಚಿ ಹಳೆಯ ದಿಂಬಿನ ಚೀಲದಲ್ಲಿ ಹಾಕಿ ಬೀರುವಿನ ಮೇಲಿಟ್ಟರು. ಅಳಬೇಕೆಂದಿದ್ದರೆ ಅಳಬಹುದಿತ್ತು, ನಾನು ಎದ್ದು ಬೇಕೆಂದೇ ಅಡುಗೆಮನೆಗೆ ಹೋದೆ.

ಉತ್ತರ ಬಂದದ್ದು ಒಂದು ರಜೆಯ ಮಧ್ಯಾಹ್ನ. ಈ ಸಲ ಯಾರೋ ಮನುಷ್ಯರೇ ಬರೆದಂತಿತ್ತು. ಹಾರ್ನ್‌ನ ಹಾರ್ನ್ ಹಾರ್ನ್‌ಗೆ ಮರಳಿದೆ. ಸೇತುವೆ, ಮಳೆ ಎಲ್ಲವೂ ಅವರವರಿಗೆ. ತಮ್ಮ ಸಹೋದರಿಯವರು ಆಡಿದ ಎಲ್ಲ ಘೋಷಣೆಗಳನ್ನು, ಮೂಲ ರೆಕಾರ್ಡುಗಳ ಸಮೇತ, ಅಳಿಸಿಹಾಕಲಾಗಿದೆ. ಇಲ್ಲಿಗೆ ಇವರ ಮುಖ ಸ್ವಲ್ಪ ಅರಳಿತು. ನಮ್ಮಲ್ಲಿದ್ದ ಪ್ರತಿಯನ್ನು ಕಂಪ್ಯೂಟರಿನಲ್ಲಿ ಜಾಗ ಮಾಡಲೆಂದು ಇವರೇ ಹಿಂದೆ ಅಳಿಸಿದ್ದರು, ಕಂಪನಿಯಲ್ಲಿ ಭದ್ರವಾಗಿದೆಯಲ್ಲ ಎಂದು. ಅದು ನೆನಪಾಗಿ ಅರಳಿದ ಮುಖ ಅಲ್ಲೇ ನಿಂತಿತು. ಕೆಳಗೆ ಇನ್ನೊಂದು ಸಾಲಿತ್ತು. ಯಂತ್ರ ತಯಾರಿಸಿದ ವಾಕ್ಯಗಳು ಮಾತ್ರ ಕಂಪನಿಯ ಸ್ವಂತ ಸೃಷ್ಟಿ. ಅವನ್ನು ಯಾವ ವ್ಯಕ್ತಿಯೂ ಆಡಿಲ್ಲವಾದ್ದರಿಂದ ಅವುಗಳ ಮೇಲೆ ಯಾರ ಹಕ್ಕೂ ಇರುವುದಿಲ್ಲ. ಅವು ಮುಂದುವರಿಯುತ್ತವೆ.

“ಅಕ್ಕನಿಗೆ ನೀನೇ ಹೇಳ್ತೀಯಾ?” ಎಂದು ಕೇಳಿದರು.

“ಕೊಟ್ಟೋರು ನೀವು. ಹೇಳೋರೂ ನೀವೇ.”

ಮೊಬೈಲನ್ನು ಹೊರಗೆ ಚಪ್ಪಲಿಯ ಗೂಡಿನಲ್ಲಿಟ್ಟು, ಜೇಬು ಹೊರಕ್ಕೆ ಎಳೆದುಕೊಂಡು ಬಾಲ್ಕನಿಗೆ ಹೋದರು. ಅಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಇವರು ನಿಂತೇ ಹೇಳಿದರು, ಒಂದು ಸಾಲೂ ಬಿಡದೆ. ನಾನು ಬಾಗಿಲ ಒಳಗಿದ್ದೆ. ಅಕ್ಕ ಒಂದು ದಿಂಬಿನ ಚೀಲವನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದರು.

“ಅಂದ್ರೆ ನಾನು ಹೇಳಿದ್ದೆಲ್ಲ ಹೋಯ್ತು” ಎಂದರು. ಪಿಸುಮಾತಲ್ಲದ ಆ ದನಿ ನಾನು ಕೇಳಿ ಬಹಳ ದಿನವಾಗಿತ್ತು.

“ಹೂಂ.”

“ಹೇಳದೇ ಇದ್ದಿದ್ದು ಉಳೀತು.”

ಇವರು, ಬೈದುಬಿಡು ಅಕ್ಕ, ಎರಡು ಬಾರಿಸು ಬೇಕಾದರೆ ಎಂದರು.

“ಬೈಯೋದಕ್ಕೂ ಬಾಯಿ ತೆಗೀಬೇಕಲ್ಲೋ” ಎಂದರು ಅಕ್ಕ, ಬಟ್ಟೆಯ ರಾಶಿ ಎತ್ತಿಕೊಂಡು ಒಳಗೆ ಬಂದರು.

ಅದಾದ ಮೇಲೆ ಆಕೆ ಇವರೆದುರು ಒಂದು ಮಾತಾದರೂ ಆಡಿದ್ದು ನನಗೆ ನೆನಪಿಲ್ಲ. ಡಿಪೋದಲ್ಲಿ ಇವರು ಮೊದಲಿನ ಹಾಗೆಯೇ ನಟ್ಟು ಬಿಗಿಯುತ್ತಾರೆ, ಮನೆಯಲ್ಲಿ ಮಾತ್ರ ನೀತಿಪಾಠ ನಿಂತಿದೆ. ಸಂಜೆಯ ಹೊತ್ತಿಗೆ ಮಾಡಲು ಕೆಲಸವಿಲ್ಲ. ಬಟಾಣಿ ಇದ್ದರೆ ಅಕ್ಕನ ಎದುರು ಕೂತು ಸುಲಿಯುತ್ತಾರೆ. ಸುಲಿಯಲು ಬರುವುದಿಲ್ಲ, ಸಿಪ್ಪೆಗೆ ಕಾಳು, ಕಾಳಿಗೆ ಸಿಪ್ಪೆ ಹಾಕುತ್ತಾರೆ. ಅಕ್ಕ ಸುಮ್ಮನೆ ಆರಿಸಿ ಬದಲಿಸುತ್ತಾರೆ. ಮೂರು ಘೋಷಣೆಗೂ ಏಳದಿದ್ದ ಮನುಷ್ಯ ಈಗ ತಟ್ಟೆಯ ಮೊದಲ ಸದ್ದಿಗೇ ಓಡಿ ಬರುತ್ತಾರೆ. ಮೊಬೈಲು ಚಪ್ಪಲಿಯ ಗೂಡಿನಲ್ಲೇ ಇರುತ್ತದೆ. ಡಿಪೋದಿಂದ ತುರ್ತು ಕರೆ ಬಂದರೂ ಚಪ್ಪಲಿಗಳೇ ಕೇಳಿಸಿಕೊಳ್ಳಬೇಕು.

ಮೊನ್ನೆ ಸದ್ದಾಗುವ ಮೊದಲೇ ಬಂದು ಕೂತಿದ್ದರು. ಅಕ್ಕ ತಟ್ಟೆ ಹಿಡಿದು ತಿರುಗಿದರೆ ಇವರು ಎದುರಿಗೇ ಇದ್ದಾರೆ, ಕೈ ತೊಳೆದುಕೊಂಡು, ಬೆರಳಿನಿಂದ ನೀರು ತೊಟ್ಟಿಕ್ಕುತ್ತಿದೆ. ಆಕೆಯ ಮುಖವನ್ನೇ ನೋಡುತ್ತಿದ್ದರು. ಇನ್ನು ಕರೆಯುವ ಅಗತ್ಯವಿರಲಿಲ್ಲ, ಬರೀ ಬಡಿಸಿದರೆ ಸಾಕಿತ್ತು. ಅಕ್ಕನ ತುಟಿ ಒಮ್ಮೆ ಅಲುಗಿದ ಹಾಗಾಯಿತು. ಆಮೇಲೆ ಚಮಚ ಎತ್ತಿ ತಟ್ಟೆಗೆ ಒಂದು ಸಲ ತಟ್ಟಿದರು. ಇವರು ತಲೆ ತಗ್ಗಿಸಿದರು.